ಹರಳಿಗೆ ಬೀಜ ಹಾಕಿದವನು

"ಏಯ್! ಎತ್ರೀ ಮೊದ್ಲು ಅದನ್ನ! ಎತ್ರೀ ಅಂದ್ರೆ!"

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೊರಟಿದ್ದ ಬಸ್ಸಿನಲ್ಲಿ ಅಷ್ಟೂ ಜನ ತಿರುಗಿ ನೋಡಿದರು.

ಮೂರನೇ ಸೀಟಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಪಕ್ಕದಲ್ಲಿಟ್ಟ ಬಿಳಿ ಥರ್ಮೋಕೋಲ್ ಡಬ್ಬಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕಣ್ಣು ಕೆಂಪಗೆ ಮಾಡಿದ್ದಳು. ಡಬ್ಬಿಯ ಮೇಲೆ ಒಂದು ಟಿಫನ್ ಕ್ಯಾರಿಯರ್ ಇತ್ತು. ಅದನ್ನು ಇಟ್ಟವನು ಕಂಬಿ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದ.

"ಅಯ್ಯೋ, ಸಾರಿ ಕಣ್ರೀ... ಖಾಲಿ ಡಬ್ಬಿ ಅನ್ಕೊಂಡೆ."

"ಖಾಲಿ ಡಬ್ಬೀನಾ? ಅದರೊಳಗೆ ನನ್ನ ಜೀವ ಇದೆ!"

"ಜೀವಾನಾ? ಏನು... ಕೋಳಿಮರಿಯಾ?"

ಹಿಂದಿನ ಸೀಟಿನ ಅಜ್ಜಿ ತಡೆಯಲಾರದೆ ಬಾಯಿ ಹಾಕಿದರು. "ಉಸ್ರಾಡಕೆ ಒಂದ್ ತೂತಾದ್ರೂ ಮಾಡ್ಬಾರ್ದಾ ಕೂಸು? ಮರಿ ಸತ್ತೋದವು!"

ಇಡೀ ಬಸ್ಸು ಗೊಳ್ ಎಂದಿತು. ಹುಡುಗಿಯ ಮುಖ ಇನ್ನೂ ಕೆಂಪಾಯಿತು. ಅವನು ಮಾತ್ರ ನಗಲಿಲ್ಲ. ಸದ್ದಿಲ್ಲದೆ ಕ್ಯಾರಿಯರ್ ಎತ್ತಿಕೊಂಡ. ಆ ನಗದೇ ಇದ್ದದ್ದು ಇದೆಯಲ್ಲ, ಅದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು.

ಅವಳ ಹೆಸರು ರಂಜಿನಿ. ದೇವನೂರಿನ ರಿಟೈರ್ಡ್ ಮೇಷ್ಟ್ರು ದೊಡ್ಡಮಾದಯ್ಯನವರ ಒಬ್ಬಳೇ ಮಗಳು. ಮೈಸೂರಿನಲ್ಲಿ ಪಿಎಚ್‌.ಡಿ. ಮಾಡುತ್ತಾ, ವಾರಕ್ಕೆ ಮೂರು ದಿನ ನರಸೀಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಳು. ಅವನ ಹೆಸರು ಪ್ರೇಮ್‌ಕುಮಾರ್. ಪ್ರೇಮಕಥೆಗೆ ಬೇಕೆಂದು ನಾನು ಇಟ್ಟ ಹೆಸರಲ್ಲ, ಅವರಮ್ಮ ಇಟ್ಟದ್ದು. ಮನೆ ನರಸೀಪುರ, ಕೆಲಸ ನಂಜನಗೂಡಿನ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ. ಇದು 2003ರ ಫೆಬ್ರವರಿ ಮಾತು.

ಬಿಳಿಗೆರೆ ಬರುವ ಹೊತ್ತಿಗೆ ಎದುರಿನ ಸೀಟು ಖಾಲಿಯಾಯಿತು. ಅವನು ಕೂತು, ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿ, ಕೊನೆಗೆ ಕೇಳಿಯೇಬಿಟ್ಟ.

"ನಿಜ ಹೇಳ್ರೀ... ಏನಿದೆ ಅದ್ರಲ್ಲಿ?"

"ಪ್ರೋಟೀನ್. ಮನುಷ್ಯರ ಮೈಯೊಳಗೆ ಇರೋದು. ಜೀವಕೋಶ ಬದುಕಿ ಉಳಿಯೋಕೆ ಬೇಕಾದ ಪ್ರೋಟೀನ್."

ಇಲ್ಲಿಗೆ ಬಾಯಿ ಮುಚ್ಚುತ್ತಾನೆ ಎಂದುಕೊಂಡಳು. ಯಾರೇ ಆದರೂ ಇಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ಅವನು ಮುಂದಕ್ಕೆ ಬಾಗಿದ.

"ಅದು ಹೆಂಗೆ ಉಳಿಸ್ತದೆ?"

ರಂಜಿನಿ ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ.

"ಪ್ರತಿ ಜೀವಕೋಶಕ್ಕೂ ಸಾಯೋಕೆ ಒಂದು ಹೊತ್ತು ಅಂತ ಇರುತ್ತೆ. ಹೊತ್ತು ಬಂದ್ರೆ ಅದು ತಾನೇ ತನ್ನನ್ನ ಕೊಂದ್ಕೊಳ್ಳುತ್ತೆ. ಈ ಪ್ರೋಟೀನ್ ಅಡ್ಡ ನಿಂತು 'ತಡಿ, ಇನ್ನೂ ಬೇಡ' ಅನ್ನುತ್ತೆ. ಮಗು ಹೊಟ್ಟೇಲಿರುವಾಗ ಇದು ಜಾಸ್ತಿ ಇರುತ್ತೆ. ದೊಡ್ಡೋರಾದ ಮೇಲೆ ಹೆಚ್ಚುಕಮ್ಮಿ ಕಾಣಿಸೋದೇ ಇಲ್ಲ. ಆದ್ರೆ ಕ್ಯಾನ್ಸರ್ ಬಂದಾಗ ವಾಪಸ್ ಬರುತ್ತೆ. ಸಾಯಬೇಕಾದ ಕೆಟ್ಟ ಕೋಶನೂ ಸಾಯೋಕೆ ಬಿಡಲ್ಲ."

"ಅಂದ್ರೆ ಕಾಯೋನು ಅದೇ, ಕಳ್ಳನ್ನ ಕಾಯೋನೂ ಅದೇ!"

ಅವಳಿಗೆ ನಗು ಬಂತು. ನಾಲ್ಕು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ, ಅವಳ ಗೈಡ್ ಕೂಡ.

"ಅದರ ಆಕಾರ ನೋಡ್ಬೇಕು ಅಂದ್ರೆ ಅದು ಸಕ್ಕರೆ ಥರ ಹರಳು ಕಟ್ಟಬೇಕು. ಆ ಹರಳಿಗೆ ಎಕ್ಸ್‌ರೇ ಹೊಡೆದು ನೋಡ್ತೀವಿ. ಎರಡು ಒಂದೇ ಥರದ ತುಂಡು ಬೆನ್ನಿಗೆ ಬೆನ್ನು ಕೊಟ್ಕೊಂಡು ನಿಂತಿರುತ್ತೆ ಅಂತ ಮೂರು ವರ್ಷದ ಹಿಂದೇನೇ ಹೊರದೇಶದವರು ಕಂಡುಹಿಡಿದಿದಾರೆ. ಅವೆರಡೂ ಸೇರೋ ಜಾಗದಲ್ಲಿ ಒಂದು ಕೊಂಡಿ ಬದಲಾಯಿಸಿದ್ರೆ ಜೋಡಿ ಉಳಿಯುತ್ತಾ, ಬಿಟ್ಟು ಹೋಗುತ್ತಾ? ಅದು ನನ್ನ ಕೆಲಸ. ನಾಲ್ಕು ವರ್ಷದಿಂದ ಒಂದು ಹರಳೂ ಕಟ್ಟಿಲ್ಲ... ಈಗ ಮೈಸೂರು ಲ್ಯಾಬಿನ ಏಸಿ ಬೇರೆ ಕೆಟ್ಟಿದೆ. ಇಪ್ಪತ್ತು ಡಿಗ್ರಿಯಲ್ಲಿ ಅಲ್ಲಾಡಿಸದೆ ಇಡಬೇಕು. ನಮ್ಮ ಕಾಲೇಜಲ್ಲಿ ಏಸಿ ಇರೋದು ಕಂಪ್ಯೂಟರ್ ರೂಮಲ್ಲಿ ಮಾತ್ರ, ಅಲ್ಲಿಗೇ ತಗೊಂಡು ಹೋಗ್ತಿದೀನಿ."

ಅಪರಿಚಿತನ ಮುಂದೆ ಇಷ್ಟೆಲ್ಲ ಯಾಕೆ ಹೇಳಿದೆ! ಅವಳಿಗೇ ನಾಚಿಕೆಯಾಯಿತು.

ಅವನು ಬಸ್ ಟಿಕೆಟ್ಟಿನ ಹಿಂದೆ ಏನೋ ಬರೆದು ಕೊಟ್ಟ. "ನಮ್ಮ ಲ್ಯಾಬ್ ಫೋನ್ ನಂಬರು. ಸಕ್ಕರೆ ಟೆಸ್ಟ್ ಮಾಡೋ ರೂಮನ್ನ ಇಪ್ಪತ್ತು ಡಿಗ್ರೀಲೇ ಇಡ್ತೀವಿ ಕಣ್ರೀ. ಹಗಲೂ ರಾತ್ರಿ."

"ಥ್ಯಾಂಕ್ಸ್. ಅದೆಲ್ಲ ಬೇಡ" ಎಂದಳು ಗತ್ತಿನಿಂದ. ಆದರೆ ಟಿಕೆಟ್ಟನ್ನು ಎಸೆಯಲಿಲ್ಲ.

* * *

ಗತ್ತು ಎಂಟೇ ದಿನಕ್ಕೆ ಮುಗಿಯಿತು.

ಕಂಪ್ಯೂಟರ್ ರೂಮಿನ ಬೀಗದ ಕೈ ಅಟೆಂಡರ್ ಪುಟ್ಟರಾಜು ಹತ್ತಿರ. ಬೆಳಗ್ಗೆ ಬಂದು ಅವಳು ಡಬ್ಬಿ ತೆರೆದರೆ ಒಳಗಿನ ಥರ್ಮಾಮೀಟರ್ ಮೂವತ್ತೊಂದು ತೋರಿಸುತ್ತಿತ್ತು.

"ಪುಟ್ಟರಾಜು, ಏಸಿ ಆರಿಸಬೇಡಿ ಅಂದಿದ್ನಲ್ಲ!"

"ನಾನೇನ್ ಮಾಡನೆ ಮೇಡಮ್ಮೋರೆ? ಐದ್ ಗಂಟ್ಗೆ ಆರ್ಸ್‌ಬುಟ್ಟೇ ಓಗ್ಬೇಕು ಅಂತ ಪ್ರಿನ್ಸಿಪಾಲ್ರು ಆರ್ಡ್ರು ಮಾಡವ್ರೆ."

ಹರಳು ಕಟ್ಟಲೆಂದು ಇಟ್ಟಿದ್ದ ಪ್ರೋಟೀನಿನ ಹನಿಗಳೆಲ್ಲ ಕದಡಿ ಮಜ್ಜಿಗೆಯಾಗಿದ್ದವು. ರಂಜಿನಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಅತ್ತಳು. ಅವಳ ಹತ್ತಿರ ಇನ್ನು ಉಳಿದದ್ದು ಒಂದೇ ಸಣ್ಣ ಟ್ಯೂಬ್ ಪ್ರೋಟೀನ್. ಬೇಸಿಗೆ ಮುಗಿಯುವುದರೊಳಗೆ ಹರಳು ಕಟ್ಟದಿದ್ದರೆ ಈ ವಿಷಯವನ್ನು ಬೇರೆಯವರಿಗೆ ಕೊಡುವುದಾಗಿ ಗೈಡ್ ಹೇಳಿಯಾಗಿತ್ತು. ನಾಲ್ಕು ವರ್ಷದ ದುಡಿಮೆ ನೀರುಪಾಲು! ಮಗಳ ಹೆಸರಿನ ಮುಂದೆ 'ಡಾ.' ಬರುತ್ತದೆ ಎಂದು ಅಪ್ಪ ದೇವನೂರಿನಲ್ಲಿ ಯಾರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರೋ...

ಮೂಗು ಒರೆಸಿಕೊಂಡು ಪರ್ಸಿನಿಂದ ಬಸ್ ಟಿಕೆಟ್ ತೆಗೆದಳು.

* * *

ಸಕ್ಕರೆ ಕಾರ್ಖಾನೆಯ ಆ ಚಿಕ್ಕ ತಂಪು ಕೋಣೆ ಅವಳ ಪಾಲಿಗೆ ದೇವರ ಮನೆಯಾಯಿತು.

ಮ್ಯಾನೇಜರನ್ನು ಒಪ್ಪಿಸಿದವನು ಪ್ರೇಮ್. ಕೊನೆಯ ಟ್ಯೂಬಿನ ಪ್ರೋಟೀನಿನಿಂದ ಅವಳು ಹೊಸ ತಟ್ಟೆ ತಯಾರು ಮಾಡಿದಳು. ಇಪ್ಪತ್ತನಾಲ್ಕು ಪುಟ್ಟ ಗುಳಿಗಳ ಪ್ಲಾಸ್ಟಿಕ್ ತಟ್ಟೆ, ಗುಳಿಗೊಂದು ಹನಿ. ಅದಕ್ಕೆ ಮೂಲೆಯಲ್ಲೊಂದು ಗಟ್ಟಿ ಕಲ್ಲಿನ ಬೆಂಚು ಕೊಟ್ಟ. ಮಾರನೇ ದಿನ ಬಂದು ನೋಡಿದರೆ ಬಾಗಿಲ ಮೇಲೆ ಒಂದು ರಟ್ಟಿನ ಬೋರ್ಡು: 'ಸದ್ದು ಮಾಡಬೇಡಿ. ಪ್ರೋಟೀನ್ ಮಲಗಿದೆ.'

"ಏನ್ರೀ ಇದು!" ಎಂದು ನಕ್ಕಳು.

"ನಮ್ಮೋರು ಬಾಗ್ಲು ದಡಾರ್ ಅಂತ ಹಾಕ್ತಾರೆ. ಮಲಗಿರೋರ ಹತ್ರ ಮಾತ್ರ ಮೆಲ್ಲಗೆ ಓಡಾಡ್ತಾರೆ. ಅದಕ್ಕೇ ಬರೆದೆ."

ಕೋಣೆಯೊಳಗೆ ಹೋಗುವಾಗ ಅವನೂ ಚಪ್ಪಲಿ ಬಿಟ್ಟು ಹೋಗುತ್ತಿದ್ದ. ಅವಳು ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು. ಹೆಣ್ಣುಮಕ್ಕಳು ಇಂಥದ್ದನ್ನೆಲ್ಲ ನೋಡುವುದಿಲ್ಲ ಎಂದು ತಿಳಿದಿರುವ ಗಂಡಸರಿಗೆ ನಾನೇನು ಹೇಳಲಿ!

ಒಂದು ಸಂಜೆ ಅವನು ಅವಳನ್ನು ಸಕ್ಕರೆ ಕಟ್ಟುವ ದೊಡ್ಡ ಪ್ಯಾನಿನ ಹತ್ತಿರ ಕರೆದುಕೊಂಡು ಹೋದ. ಒಳಗೆ ಪಾಕ ಕುದಿಯುತ್ತಿತ್ತು.

"ನೋಡಿ, ಪಾಕ ಎಷ್ಟು ಗಟ್ಟಿಯಾದ್ರೂ ನಾವು ತಾನಾಗೇ ಹರಳು ಕಟ್ಟಲಿ ಅಂತ ಕಾಯಲ್ಲ. ಒಂಚೂರು ಸಕ್ಕರೆ ಪುಡಿ ಬಿಡ್ತೀವಿ. ಅದೇ ಬೀಜ. ಪಾಕಕ್ಕೆ 'ಓ, ಹಿಂಗೆ ಕಟ್ಬೇಕಾ' ಅಂತ ಗೊತ್ತಾಗ್ಬುಡ್ತದೆ. ನಿಮ್ದಕ್ಕೂ ಹಂಗೆ ಮಾಡಕ್ಕಾಗಲ್ವಾ?"

"ಮಾಡ್ತಾರೆ. ಆದ್ರೆ ಬೀಜಕ್ಕೆ ಮೊದಲು ಒಂದಾದ್ರೂ ಹರಳು ಬೇಕಲ್ಲ! ಇದ್ರೆ ಅದನ್ನ ಪುಡಿ ಮಾಡಿ, ಒಂದು ಕೂದಲಿಗೆ ತಾಗಿಸಿ, ಬೇರೆ ಹನಿಗಳಲ್ಲಿ ಗೀರ್ತಾರೆ. ಅದಕ್ಕೆ ಒಳ್ಳೇದು ಯಾವುದು ಗೊತ್ತಾ? ಬೆಕ್ಕಿನ ಮೀಸೆ!"

"ಬೆಕ್ಕಿನ ಮೀಸೇನಾ!" ಎಂದು ಅವನು ಜೋರಾಗಿ ನಕ್ಕ. ಕ್ಯಾಂಟೀನಿನ ಕರಿ ಬೆಕ್ಕು ಮೆಟ್ಟಿಲ ಮೇಲೆ ಕೂತು ಇಬ್ಬರನ್ನೂ ನೋಡುತ್ತಿತ್ತು. ಪಾಪ, ಅದಕ್ಕೇನು ಗೊತ್ತು ಮುಂದಿನ ಕಥೆ.

ಏಪ್ರಿಲ್ ಹದಿನೆಂಟು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದ ರಂಜಿನಿ ಕೂಗಿದಳು.

"ಪ್ರೇಮ್... ಪ್ರೇಮ್ ಬನ್ನಿ ಇಲ್ಲಿ!"

ಏಳನೇ ಗುಳಿಯ ಹನಿಯಲ್ಲಿ ಒಂದು ಹರಳು! ಸಾಸಿವೆಯ ಕಾಲುಭಾಗವೂ ಇರಲಿಲ್ಲ, ಆದರೆ ಅಂಚುಗಳು ಚೂರಿಯ ಹಾಗೆ ಚೂಪಾಗಿದ್ದವು. ಅವನು ನೋಡಿ ತಲೆ ಎತ್ತುವ ಹೊತ್ತಿಗೆ ಅವಳು ಅವನ ಕೈ ಹಿಡಿದುಕೊಂಡಿದ್ದಳು. ಹಿಡಿದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವನಿಗೆ ಗೊತ್ತಿತ್ತು. ಅವನು ಕದಲಲಿಲ್ಲ.

ಗೈಡ್ ಅದೇ ವಾರ ತಿಳಿಸಿದರು. ಎಕ್ಸ್‌ರೇ ಮೆಷಿನ್ನಿನಲ್ಲಿ ಅವಳ ಸರದಿ ಮೇ ಹನ್ನೆರಡಕ್ಕೆ. ಅಲ್ಲಿಯವರೆಗೆ ಆ ಒಂದು ಹರಳು ಬೆಳೆದುಕೊಂಡು ಇದ್ದರೆ ಸಾಕು.

'ಹರಳು ಸಿಕ್ಕ ಖುಷಿಯೋ, ಇವರು ಪಕ್ಕದಲ್ಲಿರೋ ಖುಷಿಯೋ...' ಎಂದು ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸಿದಳು. ಉತ್ತರ ಗೊತ್ತಿದ್ದೇ ಕೇಳಿಕೊಂಡ ಪ್ರಶ್ನೆ ಅದು.

* * *

ಏಪ್ರಿಲ್ ಇಪ್ಪತ್ತೆಂಟು, ಸೋಮವಾರ. ಶನಿವಾರ, ಭಾನುವಾರ ದೇವನೂರಿನಲ್ಲಿದ್ದು ಬಂದವಳು ಚಪ್ಪಲಿ ಬಿಟ್ಟು, ನಗುನಗುತ್ತಾ ತಂಪು ಕೋಣೆಗೆ ಹೋದಳು. ಮೈಕ್ರೋಸ್ಕೋಪಿನ ಕೆಳಗೆ ತಟ್ಟೆ ಇಟ್ಟಳು.

ಏಳನೇ ಹನಿಯಲ್ಲಿ ಹರಳಿರಲಿಲ್ಲ.

ಹನಿಯ ಮೇಲಿನ ಗಾಜು ತೆಗೆದು ಮತ್ತೆ ಮುಚ್ಚಿದ ಗುರುತಿತ್ತು. ಹನಿಯ ತಳದಲ್ಲಿ ಒಂದಿಷ್ಟು ಪುಡಿ. ಯಾರೋ ಸೂಜಿಯಲ್ಲಿ ಒತ್ತಿ ಒಡೆದಿದ್ದಾರೆ!

"ಪ್ರೇಮ್!"

ಅವನು ಬಾಗಿಲಲ್ಲೇ ನಿಂತಿದ್ದ. ಅವಳಿಗಾಗಿಯೇ ಕಾದಿದ್ದವನ ಹಾಗೆ. ಬಲಗೈ ಮಣಿಕಟ್ಟಿನ ಮೇಲೆ ಕೆಂಪಗೆ ಮೂರು ಗೀರು ಇದ್ದವು. ಅವಳು ನೋಡಿದಳು, ಆದರೆ ಅದನ್ನು ಕೇಳುವ ಹೊತ್ತಾಗಿರಲಿಲ್ಲ.

"ಯಾರು ಮುಟ್ಟಿದ್ದು ಇದನ್ನ?"

"ನಾನೇ. ಶನಿವಾರ ಮಧ್ಯಾಹ್ನ ಟರ್ಬೈನ್ ಕೆಟ್ಟು ಫ್ಯಾಕ್ಟ್ರಿ ಕರೆಂಟೆಲ್ಲ ಹೋಯ್ತು. ಊರ್ ಕಡೆ ಲೈನಲ್ಲೂ ಇರ್ಲಿಲ್ಲ. ರೂಮು ಮೂವತ್ತು ದಾಟ್ಬಿಡ್ತು. ಹರಳಿನ ಮೂಲೆ ಕರಗ್ತಾ ಇತ್ತು ಕಣ್ರೀ... ಪೂರ್ತಿ ಹೋದ್ರೆ ಬೀಜಕ್ಕೂ ಉಳಿಯಲ್ಲ ಅನ್ನಿಸ್ತು. ಅದಕ್ಕೇ ಇದ್ದಷ್ಟನ್ನ ಪುಡಿ ಮಾಡಿ, ತಿಳಿಯಾಗಿದ್ದ ಹನ್ನೆರಡು ಹನೀಲಿ..."

"ಪುಡಿ ಮಾಡಿದ್ರಾ? ನಿಮ್ಮ ಕೈಯಾರೆ?"

"ರಂಜಿನಿ ಅವ್ರೇ, ಒಂದ್ ನಿಮಿಷ ಕೇಳಿ..."

"ನಾಲ್ಕು ವರ್ಷ! ನಾಲ್ಕು ವರ್ಷಕ್ಕೆ ಒಂದೇ ಒಂದು ಹರಳು! ಅದು ನಿಮ್ಮ ಸಕ್ಕರೆ ಅಲ್ಲ, ಚೀಲಗಟ್ಟಲೆ ಸುರಿಯೋಕೆ! ನನ್ನನ್ನ ಒಂದು ಮಾತು ಕೇಳಿದ್ರಾ?"

ಅವನ ಬಾಯಿಗೆ ಏನೋ ಮಾತು ಬಂತು. ಬಂದದ್ದನ್ನು ಅವನು ನುಂಗಿಕೊಂಡ. ಅವಳ ಸಿಟ್ಟಿಗೆ ಅದೂ ಕಾಣಲಿಲ್ಲ.

"ಇಲ್ಲ" ಎಂದ ಮೆಲ್ಲಗೆ. "ನಿಮ್ಮನ್ನ ಕೇಳ್ಲಿಲ್ಲ. ತಪ್ಪು ನಂದೇ."

"ನಿಮ್ಮನ್ನ ನಂಬಿದ್ದು ನನ್ನ ತಪ್ಪು!"

ತಟ್ಟೆಯನ್ನು ಥರ್ಮೋಕೋಲ್ ಡಬ್ಬಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಅವನು ಗೇಟಿನವರೆಗೂ ಹಿಂದೆ ಬಂದ. ಅವಳು ತಿರುಗಲಿಲ್ಲ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತದ್ದು ಹರಳಿಗಾಗಿ ಮಾತ್ರ ಅಲ್ಲ. ಇಷ್ಟು ದಿನ ಚಪ್ಪಲಿ ಬಿಟ್ಟು ನಡೆದ ಮನುಷ್ಯ ಹೀಗೆ ಮಾಡಿದನಲ್ಲ, ಅದಕ್ಕೆ.

ಮೈಸೂರಿನ ಲ್ಯಾಬಿನ ಏಸಿ ಅಷ್ಟರಲ್ಲಿ ರಿಪೇರಿಯಾಗಿತ್ತು. ತಟ್ಟೆಯನ್ನು ಕಪಾಟಿನ ಮೂಲೆಯಲ್ಲಿ ಇಟ್ಟು, ಕಾಲೇಜಿಗೂ ರಜೆ ಹಾಕಿ ಊರಿಗೆ ಬಂದು ಮಲಗಿದಳು.

"ಯಾಕವ್ವಾ, ಉಸಾರಿಲ್ವಾ?" ಎಂದು ತಾಯಿ ಮುದ್ದಮ್ಮ ಹಣೆ ಮುಟ್ಟಿ ನೋಡಿದರು.

"ಏನಿಲ್ಲ ಬುಡವ್ವ."

"ಏನಿಲ್ಲ ಅನ್ನೋರು ಮುದ್ದೆ ಬುಟ್ಟು ಮಕ್ಕತ್ತಾರಾ?"

* * *

ಮೇ ಐದರ ಬೆಳಗ್ಗೆ ಪಕ್ಕದ ಮನೆಯ ರಾಮಮ್ಮ ಗೋಡೆಯಾಚೆಯಿಂದ ಕೂಗಿದರು. ಆ ಬೀದಿಗೆಲ್ಲ ಫೋನ್ ಇದ್ದದ್ದು ಅವರ ಮನೆಯಲ್ಲೇ, ರಂಜಿನಿ ಎಲ್ಲರಿಗೂ ಕೊಟ್ಟಿದ್ದದ್ದೂ ಆ ನಂಬರೇ.

"ರಂಜಿನಿ! ಮೈಸೂರಿಂದ ಫೋನು! ಯಾರೋ ಹುಡ್ಗಿ, ಒಂದೇ ಸಮ್ನೆ ಕಿರುಚ್ತಾವ್ಳೆ!"

ಕಿರುಚುತ್ತಿದ್ದವಳು ಲ್ಯಾಬಿನ ಗೆಳತಿ ಶ್ವೇತ. "ಲೇ, ನಿನ್ನ ತಟ್ಟೆ ನೋಡಿದ್ಯೇನೇ? ಹನ್ನೆರಡು ಹನೀಲಿ ಒಂಬತ್ತರಲ್ಲಿ ಹರಳು ಕಟ್ಟಿದೆ ಕಣೇ! ಗೀರು ಎಳೆದ ಹಾಗೆ ಸಾಲಾಗಿ! ಎಂಥಾ ಹರಳು ಗೊತ್ತಾ... ಯಾವಾಗೇ ಬೀಜ ಹಾಕ್ದೆ ನೀನು? ನಂಗೆ ಹೇಳ್ಲೇ ಇಲ್ಲ!"

ರಂಜಿನಿ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ನಾನು ಹಾಕಿದ್ದಲ್ಲ" ಎಂದಳು.

ಮನೆಗೆ ಬಂದವಳು ಜಗುಲಿಯ ಮೇಲೆ ಕುಸಿದು ಕೂತಳು. ನಗುವೂ ಅಳುವೂ ಒಟ್ಟಿಗೇ ಬಂತು. ಹುಣಸೆಬೀಜ ಬಿಡಿಸುತ್ತಿದ್ದ ಮುದ್ದಮ್ಮ ಗಾಬರಿಯಾದರು.

"ಏನಾಯ್ತು ಕೂಸು? ಯಾರ್ದು ಫೋನು? ಆ ಸಕ್ಕರೆ ಫ್ಯಾಕ್ಟ್ರಿ ಸಾವ್ಕಾರ್ರದಾ?"

ರಂಜಿನಿ ಗಕ್ಕನೆ ತಲೆಯೆತ್ತಿದಳು. "ಯಾವ ಸಕ್ಕರೆ ಫ್ಯಾಕ್ಟ್ರಿ?"

"ಅದೇ ಕಣವ್ವ, ಓದ್ ವಾರ... ಅಲ್ಲ, ಅದ್ರಾಚೆ ಶನಿವಾರ. ನೀನೂ ನಿಮ್ಮಪ್ಪನೂ ಸಂತೆಗೋಗಿದ್ರಲ್ಲಾ, ಆಗ ರಾಮಮ್ಮನ ಮನೆಗೆ ಫೋನ್ ಬಂದಿತ್ತು. ಮೂರ್ ಸಲ ಮಾಡುದ್ರು. 'ಅಮ್ಮ, ರಂಜಿನಿ ಅವ್ರು ಇಲ್ವಾ, ಅರಳು ಕರಗೋಯ್ತಾ ಅದೆ, ಪುಡಿ ಮಾಡ್ಬುಡ್ಲಾ' ಅಂದ್ರು. ನಾನು ಸಕ್ಕರೆ ಇಚಾರ ಅನ್ಕಂಡೆ. ಕರಗೋಗೋ ಸಕ್ಕರೆನ ಪುಡಿ ಮಾಡುದ್ರೆ ಏನೋಯ್ತದೆ? 'ನಿಮ್ಗೆ ತೋಚ್‌ದಂಗೆ ಮಾಡಿ ಸಾ' ಅಂದ್ಬುಟ್ಟೆ."

"ಅವ್ವಾ!"

"ಯಾಕವ್ವ? ತಪ್ಪಾಯ್ತಾ?"

"ನಂಗ್ಯಾಕೆ ಹೇಳ್ಲಿಲ್ಲ?"

"ಸಕ್ಕರೆ ಇಚಾರ ನಿಂಗ್ಯಾಕೆ ಅಂತ ಮರ್ತೋದೆ ಕನಾ."

ಅವನು ನುಂಗಿಕೊಂಡ ಮಾತು ಯಾವುದೆಂದು ಈಗ ಅವಳಿಗೆ ತಿಳಿಯಿತು. 'ನಿಮ್ಮವ್ವನ ಕೇಳಿಯೇ ಮಾಡಿದೆ' ಎಂದು ಒಂದೇ ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಿದ್ದರೆ ಆ ಹೊತ್ತಿನ ಸಿಟ್ಟೆಲ್ಲ ಈ ಮುಗ್ಧ ಜೀವದ ಮೇಲೆ ಬೀಳುತ್ತಿತ್ತು. ಅದಕ್ಕೇ ಎಲ್ಲವನ್ನೂ ತನ್ನ ಮೈಮೇಲೆ ಹಾಕಿಕೊಂಡ!

'ನಾನೆಂಥವಳು... ಒಂದು ನಿಮಿಷ ಕೇಳಿ ಅಂದರೆ ಕೇಳಲಿಲ್ಲವಲ್ಲ!'

ಮುಖಕ್ಕೆ ನೀರು ಹಾಕಿಕೊಂಡವಳೇ ಹೊರಟಳು.

"ಎಲ್ಲಿಗವ್ವ? ಮುದ್ದೆ ತಿನ್ಕಂಡೋಗು!"

"ನರಸೀಪುರಕ್ಕೆ. ಬಂದು ತಿಂತೀನಿ!"

* * *

ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ನರಸೀಪುರದಲ್ಲಿ ಹೊಳೆ ಕಡೆ ಹೋಗುವ ಬೀದಿಯಲ್ಲಿ 'ಸಕ್ಕರೆ ಫ್ಯಾಕ್ಟ್ರಿ ಪ್ರೇಮು' ಎಂದರೆ ಎಲ್ಲರಿಗೂ ಗೊತ್ತು. ಬಾಗಿಲು ತೆರೆದವರು ಅವನ ತಾಯಿ ದೇವೀರಮ್ಮ. ಇವಳನ್ನು ಮೇಲಿಂದ ಕೆಳಗೆ ನೋಡಿದರು.

"ಪ್ರೋಟೀನ್ ಹುಡ್ಗಿ ನೀನೇ ಅಲ್ವಾ?"

ರಂಜಿನಿ ತಲೆಯಾಡಿಸಿದಳು. "ಹೂಂ ಅಮ್ಮ."

"ಬಾ, ಕೂತ್ಕೋ. ಅವ್ನು ಸರ್ಕಾರಿ ಆಸ್ಪತ್ರೆಗೋಗವ್ನೆ, ಈಗ ಬತ್ತಾನೆ."

"ಆಸ್ಪತ್ರೆಗಾ? ಯಾಕೆ, ಏನಾಯ್ತು?"

"ಏನಂತ ಯೋಳ್ಳಿ ಮಗಾ! ಬೆಕ್ಕು ಪರಚ್ತಂತೆ. ಅದೂ ಬೆಕ್ಕು ತಾನಾಗಿ ಬಂದು ಪರಚ್ಲಿಲ್ಲ, ಇವ್ನೇ ಅದ್ರ ಮೀಸೆ ಕೀಳಕ್ಕೋಗಿದ್ನಂತೆ! ಈ ವಯಸ್ನಲ್ಲಿ ಬೆಕ್ಕಿನ್ ಮೀಸೆ ಕೀಳ್ತಾರಾ? ಐದು ಸೂಜಿ ಬರ್ದವ್ರೆ. ಇವತ್ತು ಮೂರ್ನೇದು ಚುಚ್ಚುಸ್ಕಂಡು ಬತ್ತಾನೆ."

ಮಣಿಕಟ್ಟಿನ ಮೇಲಿನ ಮೂರು ಗೀರು! ರಂಜಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗು ಬಂತು. ನಗುತ್ತಿದ್ದಂತೆಯೇ ಕಣ್ಣು ತುಂಬಿತು.

ಆಗಲೇ ಅವನು ತೋಳು ಉಜ್ಜಿಕೊಳ್ಳುತ್ತಾ ಒಳಗೆ ಬಂದ. ಅವಳನ್ನು ಕಂಡು ಹೊಸಿಲಲ್ಲೇ ನಿಂತುಬಿಟ್ಟ.

"ರಂಜಿನಿ ಅವ್ರೇ... ನೀವು?"

ದೇವೀರಮ್ಮ ಬುದ್ಧಿವಂತೆ. "ಕಾಪಿ ಕಾಯ್ಸ್ತೀನಿ" ಎಂದು ಒಳಗೆ ಹೋದರು. ಪಾತ್ರೆ ಸದ್ದು ಮಾತ್ರ ಬಹಳ ಹೊತ್ತು ಕೇಳಲಿಲ್ಲ, ಬಾಗಿಲ ಹಿಂದೆಯೇ ನಿಂತಿದ್ದರೇನೋ.

"ಒಂಬತ್ತು" ಎಂದಳು ರಂಜಿನಿ.

"ಏನು ಒಂಬತ್ತು?"

"ನೀವು ಬೀಜ ಹಾಕಿದ ಹನ್ನೆರಡರಲ್ಲಿ ಒಂಬತ್ತು ಹನೀಲಿ ಹರಳು ಕಟ್ಟಿದೆ."

ಅವನ ಮುಖ ಅರಳಿತು. "ನಿಜವಾಗ್ಲೂ? ಕಟ್ಟಿದ್ವಾ? ನಾನು ತಟ್ಟೇನ ಕುಡಿಯೋ ನೀರಿನ ಮಡಕೆ ಪಕ್ಕ ಒದ್ದೆ ಮರಳ ಮೇಲೆ ಇಟ್ಟಿದ್ದೆ ಕಣ್ರೀ, ಕರೆಂಟ್ ಬರೋ ತನಕ. ಮರಳು ಒಣಗದಂಗೆ ನೀರು ಚಿಮುಕಿಸ್ತಾನೇ ಇದ್ದೆ. ಆದ್ರೂ ಭಯ ಇತ್ತು..."

"ಅವ್ವನ ಕೇಳಿದ್ದೆ ಅಂತ ಯಾಕೆ ಹೇಳ್ಲಿಲ್ಲ?"

ಅವನು ತಲೆ ತಗ್ಗಿಸಿದ. "ಅವ್ರಿಗೆ ಗೊತ್ತಿಲ್ದೆ ಹೇಳಿದ ಮಾತು. ಅದನ್ನ ಗುರಾಣಿ ಮಾಡ್ಕೊಳ್ಳೋದು ಸರಿಯಲ್ಲ. ಆಮೇಲೆ... ತಾಯಿ ಮಗಳ ಮಧ್ಯ ಜಗಳ ತಂದ್ಹಾಕಿ ನಾನ್ ಒಳ್ಳೇವ್ನಾಗ್ಬೇಕಾಗಿತ್ತಾ?"

"ನನ್ನ ಬೈಗುಳ ತಿಂದು ಒಳ್ಳೆಯವರಾದ್ರಲ್ಲ, ಅದು ಪರವಾಗಿಲ್ವಾ?"

"ಬೈದ್ರೂ ನೀವೇ ತಾನೆ ಬೈದಿದ್ದು."

ಅವಳು ಹತ್ತಿರ ಬಂದಳು. ಅವನ ಮಣಿಕಟ್ಟು ಹಿಡಿದು ಗೀರುಗಳನ್ನು ನೋಡಿದಳು. ಈ ಸಲ ಹಿಡಿದದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನ್ನ ಕ್ಷಮಿಸಿ ಪ್ರೇಮ್. ಕೇಳಿಸ್ಕೋಬೇಕಾಗಿತ್ತು. ಕೇಳಿಸ್ಕೊಳ್ಳದೆ ಹೋದೆ. ಈ ಎಂಟು ದಿನ ನಾನು ಹೇಗಿದ್ದೆ ಅಂತ ನಂಗೇ ಗೊತ್ತು."

"ನಾನೂ ಅಷ್ಟೇ" ಎಂದ. "ಬಾಗಿಲ ಬೋರ್ಡು ಇನ್ನೂ ತೆಗೆದಿಲ್ಲ ಕಣ್ರೀ. ಒಳಗೆ ಏನೂ ಮಲಗಿಲ್ಲ, ಆದ್ರೂ ಚಪ್ಲಿ ಬಿಟ್ಟೇ ಹೋಗ್ತೀನಿ."

ಒಳಗಿನಿಂದ ಥಟ್ಟನೆ ಪಾತ್ರೆ ಸದ್ದು ಕೇಳಿಸಿತು. ಇಬ್ಬರೂ ಕೈ ಬಿಟ್ಟು ದೂರ ಸರಿದರು.

* * *

ಮೇ ಹನ್ನೆರಡರಂದು ಮೊದಲ ಎಕ್ಸ್‌ರೇ ಚಿತ್ರ ಪರದೆಯ ಮೇಲೆ ಬಂದಾಗ ರಂಜಿನಿಯ ಗೈಡ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ರಂಗೋಲಿಗೆ ಇಟ್ಟ ಹಾಗೆ ಸಾಲುಸಾಲು ಚುಕ್ಕಿ, ಅಂಚಿನವರೆಗೂ. ಶ್ವೇತ ಅವಳನ್ನು ತಬ್ಬಿಕೊಂಡು ಕುಣಿದಳು. ಇನ್ನು ಈ ವಿಷಯವನ್ನು ಯಾರೂ ಅವಳಿಂದ ಕಿತ್ತುಕೊಳ್ಳುವ ಹಾಗಿರಲಿಲ್ಲ.

ನಾಲ್ಕನೇ ದಿನ ಬುದ್ಧ ಪೂರ್ಣಿಮೆ. ದೇವನೂರಿನ ಮನೆಯಲ್ಲಿ ಪಾಯಸ ಮಾಡಿದ್ದರು. ದೊಡ್ಡಮಾದಯ್ಯನವರು ಬೆಳಗ್ಗೆಯೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬಂದವರಿಗೆಲ್ಲ ಮಗಳ ಹರಳಿನ ಕಥೆ ಹೇಳುತ್ತಿದ್ದರು. ಪ್ರೇಮ್ ತಾಯಿಯನ್ನು ಕರೆದುಕೊಂಡು ಬಂದ. ಮುದ್ದಮ್ಮ ಅವನ ದನಿ ಕೇಳಿದ ಕೂಡಲೇ ಗುರುತು ಹಿಡಿದರು.

"ನೀವೇ ಅಲ್ವಾ ಸಾ ಸಕ್ಕರೆ ಫೋನ್ ಮಾಡಿದ್ದು? ಆಮೇಲೆ ಸರೋಯ್ತಾ?"

"ಸರೋಯ್ತಮ್ಮ. ನೀವ್ ಹೇಳಿದಂಗೇ ಮಾಡಿದೆ" ಎಂದ ಅವನು. ಮುದ್ದಮ್ಮನಿಗೆ ಬಹಳ ಸಮಾಧಾನವಾಯಿತು. ದೇವೀರಮ್ಮನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಎರಡೇ ನಿಮಿಷಕ್ಕೆ ಒಳಗಿನಿಂದ ಬೆಕ್ಕಿನ ಮೀಸೆಯ ಕಥೆಯೂ ನಗುವೂ ಕೇಳತೊಡಗಿತು.

ರಂಜಿನಿ ಹಿತ್ತಲಿನ ನುಗ್ಗೆಮರದ ನೆರಳಲ್ಲಿ ನಿಂತು ಒಂದು ಕಾಗದ ಬಿಚ್ಚಿದಳು. ಕಂಪ್ಯೂಟರಿನಿಂದ ತೆಗೆದ ಬಣ್ಣದ ಚಿತ್ರ.

"ಇದೇ ನೋಡಿ. ನಮ್ಮ ಪ್ರೋಟೀನ್."

"ನಮ್ಮ?"

"ಹೂಂ, ನಮ್ಮದೇ."

ಚಿತ್ರದಲ್ಲಿ ನೀಲಿ ತುಂಡೊಂದು, ಹಸಿರು ತುಂಡೊಂದು. ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು.

"ಕೊಂಡಿ ಬದಲಾಯಿಸಿದ್ರಿ ಅಲ್ವಾ? ಆದ್ರೂ ಬಿಟ್ಟಿಲ್ವಲ್ಲ!"

"ಬಿಟ್ಟಿಲ್ಲ. ಸ್ವಲ್ಪ ವಾಲ್ಕೊಂಡು, ಬೇರೆ ಜಾಗದಲ್ಲಿ ಹಿಡ್ಕೊಂಡಿವೆ. ನಮ್ಮ ಗೈಡ್‌ಗೂ ಆಶ್ಚರ್ಯ."

ಅವನು ಬಹಳ ಹೊತ್ತು ಚಿತ್ರ ನೋಡಿದ. ಆಮೇಲೆ ಕಾಗದವನ್ನು ನೀಟಾಗಿ ಮಡಚಿ ಅವಳ ಕೈಗೆ ಕೊಟ್ಟ.

"ರಂಜಿನಿ ಅವ್ರೇ, ಮೊದಲನೇ ಸಲ ನಿಮ್ಮನ್ನ ಕೇಳ್ದೆ ಮಾಡಿದೆ. ಈ ಸಲ ಫೋನಲ್ಲಲ್ಲ, ಅಮ್ಮನ್ನೂ ಅಲ್ಲ, ನಿಮ್ಮನ್ನೇ ಮೊದ್ಲು ಕೇಳ್ತಾ ಇದೀನಿ. ನಂಗೆ ನಿಮ್ಮನ್ನ ಕಂಡ್ರೆ ತುಂಬಾ ಇಷ್ಟ. ಬಸ್ಸಲ್ಲಿ ಬೈದ್ರಲ್ಲ, ಅವತ್ತಿಂದಾನೂ. ನಿಮ್ಮನ್ನೇ ಮದುವೆ ಆಗ್ಬೇಕು ಅಂತ ಆಸೆ. ಹೇಳ್ದೆ ಇಟ್ಕೊಂಡ್ರೆ ಕರಗೋಗ್ತದೇನೋ ಅಂತ ಭಯ... ಏನ್ ಮಾಡ್ಲಿ, ಹೇಳಿ?"

ರಂಜಿನಿಯ ತುಟಿಯ ತುದಿಯಲ್ಲಿ ನಗು ತುಂಬಿಕೊಂಡಿತು. ಅವನ ಕಣ್ಣನ್ನೇ ನೋಡುತ್ತಾ ಥೇಟ್ ಅವ್ವನ ದನಿಯಲ್ಲಿ ಹೇಳಿದಳು.

"ನಿಮ್ಗೆ ತೋಚ್‌ದಂಗೆ ಮಾಡಿ ಸಾ!"

ಅವನಿಗೆ ಆ ದನಿಯ ಗುರುತು ಸಿಕ್ಕಿತು. ಆಮೇಲೆ ನಕ್ಕ. ಬಸ್ಸಿನಲ್ಲಿ ನಗದೇ ಉಳಿಸಿಕೊಂಡದ್ದನ್ನೂ ಸೇರಿಸಿ ನಕ್ಕ.

"ಹಂಗಾದ್ರೆ ಈಗ್ಲೇ ಒಳಗ್ಹೋಗಿ ನಿಮ್ಮವ್ವನ್ನ ಕೇಳ್ಬಿಡ್ಲಾ?"

"ಕೇಳಿ" ಎಂದಳು ರಂಜಿನಿ, ಅವನ ಬೆರಳಿಗೆ ಬೆರಳು ಸೇರಿಸುತ್ತಾ. "ಆದ್ರೆ ಈ ಸಲ ಸರಿಯಾಗಿ ಬಿಡಿಸಿ ಹೇಳ್ರೀ, ಕೇಳ್ತಿರೋದು ಮಗಳನ್ನ, ಸಕ್ಕರೇನಲ್ಲ ಅಂತ!"